ಕೀಬೋರ್ಡಿನ ಎಡಮಗ್ಗುಲು

ನಮ್ಮ ಅಪ್ಪ ಮಲ್ಲಿಕಾರ್ಜುನ ಸೊಲ್ಲಾಪುರದ ಒಂದು ಗಿರಣಿಯ ಆಫೀಸಿನಲ್ಲಿ ಗುಮಾಸ್ತ. ಅಲ್ಲಿ ಸಾಹೇಬರು ಕರೆದರೆ ಕುರ್ಚಿಯಿಂದ ಏಳುವ ಮೊದಲೇ 'ಹೋ ಸಾಹೇಬ' ಅನ್ನುವ ಮನುಷ್ಯ. ಬಾಳೀವೇಸದ ನಮ್ಮ ಮನೆಯ ಹೊಸ್ತಿಲು ದಾಟಿದ ಮೇಲೆಯೇ ಅವನ ಕೈಗೆ ಜೀವ ಬರುತ್ತಿತ್ತು. ರೇಡಿಯೊ ಗೊರಗೊರ ಅಂದರೆ ಅದರ ನೆತ್ತಿಗೆ ಏಟು, ಟೀವಿಯ ಚಿತ್ರ ಕುಣಿದರೆ ಪಕ್ಕೆಗೆ ಏಟು, ಸಾರಿಗೆ ಉಪ್ಪು ಕಡಿಮೆಯಾದರೆ ಅವ್ವನ ಕೆನ್ನೆಗೆ ಏಟು. ಯಂತ್ರಗಳು ಒಮ್ಮೊಮ್ಮೆ ಏಟು ತಿಂದು ಸರಿಹೋಗುತ್ತಿದ್ದವು. ಆ ಹಾಳು ಯಂತ್ರಗಳೇ ಅವನ ತಲೆ ಕೆಡಿಸಿದ್ದವು ಅಂತ ನನಗೆ ಈಗಲೂ ಸಿಟ್ಟಿದೆ.

ಸಂಜೆಯಾದರೆ ಅಪ್ಪ ಕಲಾವಿದ. ಮುಂಬಯಿಯ ಯಾವುದೋ ಆರ್ಕೆಸ್ಟ್ರಾದವರು ಬಳಸಿ ಬಿಟ್ಟಿದ್ದ ಜಪಾನಿನ ಹಳೆಯ ಕೀಬೋರ್ಡ್ ಅವನ ಬಳಿ ಇತ್ತು. ಅದರ ಹಣೆಯ ಮೇಲೆ ಸಾಲಾಗಿ ಗುಂಡಿಗಳು. ಒಂದನೆಯದರಲ್ಲಿ ಭಜನೆಯ ಹಾರ್ಮೋನಿಯಂ ಪೇಟಿ, ಎರಡನೆಯದರಲ್ಲಿ ಶಹನಾಯಿ, ಆಮೇಲೆ ಕೊಳಲು, ಹೀಗೆ ಹಾಡಿಗೆ ತಕ್ಕ ಸ್ವರ, ಶ್ರುತಿ, ಲಯ ಎಲ್ಲವನ್ನೂ ಮನೆಯಲ್ಲೇ ಹೊಂದಿಸಿ ಒಂದೊಂದು ಗುಂಡಿಯಲ್ಲಿ ಉಳಿಸಿಡುತ್ತಿದ್ದ. ಕಾರ್ಯಕ್ರಮದಲ್ಲಿ ಗುಂಡಿ ಒತ್ತಿದರೆ ಸಾಕು. ಜನ ಮಾತ್ರ ಅದನ್ನು ಅಪ್ಪನ ಬೆರಳಿನ ಮಾಯೆ ಅಂದುಕೊಳ್ಳುತ್ತಿದ್ದರು, ಅವನೂ ಅಲ್ಲ ಅನ್ನುತ್ತಿರಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಆ ಕೀಬೋರ್ಡಿಗೆ ಮರೆವು ಹತ್ತಿತು.

ಕುಂಭಾರಿಯಲ್ಲಿ ಒಂದು ಮದುವೆಯ ಅರಿಶಿಣದ ಸಂಜೆ. ಕೋರಸ್ಸಿಗೆ ಹೆಣ್ಣು ದನಿ ಬೇಕೆಂದು ನಾನೂ ಹೋಗಿದ್ದೆ. ಅಪ್ಪ ಕಣ್ಣು ಮುಚ್ಚಿ, ಭಕ್ತಿಯಿಂದ ಒಂದನೇ ಗುಂಡಿ ಒತ್ತಿ ಶುರುಮಾಡಿದ. ಪೇಟಿಯ ಬದಲು ಬ್ಯಾಂಡಿನ ತುತ್ತೂರಿ ಅರಚಿತು. ಎರಡನೆಯದು ಒತ್ತಿದ, ಇಂಗ್ಲಿಷ್ ಡ್ಯಾನ್ಸಿನ ತಾಳ. ಮದುಮಗಳ ಸೋದರಮಾವ ಬಿದ್ದು ಬಿದ್ದು ನಕ್ಕ. ಅಪ್ಪ ಪಕ್ಕಕ್ಕೆ ತಿರುಗಿ, ನಮ್ಮ ಹಾಡಿನ ಪಾರ್ಟಿಯಲ್ಲಿ ಅಕ್ಟಾಪ್ಯಾಡ್ ಡ್ರಮ್ಮು ಬಾರಿಸುತ್ತಿದ್ದ ಪರಾಗನ ಬಾಯಿಗೆ ಮೈಕಿನಿಂದಲೇ ಬಾರಿಸಿದ. ಮೈಕು ಆನ್ ಇತ್ತು. ಆ ಏಟು ಕುಂಭಾರಿ ತುಂಬ ಕೇಳಿತು.

"ನೀನ ಅಳಸೀದಿ! ಬ್ಯಾರೆ ಪಾರ್ಟಿ ಸೇರಾಂವ ಅದೀಯಲ್ಲ, ಅದಕ್ಕ ನನ್ನ ಮರ್ಯಾದಿ ಕಳದಿ!"

ಪರಾಗ ತುಟಿಯ ರಕ್ತವನ್ನು ತೋಳಿಗೆ ಒರೆಸಿಕೊಂಡ. ಪ್ಯಾಡ್ ಚೀಲಕ್ಕೆ ತುಂಬುತ್ತಾ, "ಕಾಕಾ, ಅಡಾಪ್ಟರ್ ಕಿತ್ತ ಮ್ಯಾಲೆ ಇದರ ನೆನಪ ಹಿಡಿಯೂದು ಹೊಟ್ಯಾಗಿನ ಸೆಲ್ಲು. ಸೆಲ್ ನೋಡ್ರಿ, ನನ್ನ ಮಾರಿ ಏನ ನೋಡ್ತೀರಿ?" ಅಂದು ಸೊಲ್ಲಾಪುರದ ಬಸ್ಸು ಹತ್ತಿದ. ಮತ್ತೆ ನಮ್ಮ ಕಡೆ ತಲೆಹಾಕಲಿಲ್ಲ.

ಮನೆಗೆ ಬಂದರೆ ಹೊಡೆಯಲು ಉಳಿದದ್ದು ಅವ್ವ ಒಬ್ಬಳೇ. ವೇಣೂಬಾಯಿ ಅಂತ ಅವಳ ಹೆಸರು, ಆದರೆ ಅಪ್ಪ ಅದನ್ನು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ.

"ಹಸಿ ಅರಬಿಲೆ ಒರಸೀದಿ ಹೌದಲ್ಲ ಇದನ್ನ?"

"ಧೂಳ ಕುಂತಿತ್ತರಿ. ಒಣಾ ಅರಬಿಲೆ ಒರಸೇನಿ."

ಅವಳ ತುರುಬು ಹಿಡಿದು ಗೋಡೆಗೆ ತಲೆ ಬಡಿದ. ಗೋಡೆಯ ಸುಣ್ಣ ಉದುರಿ ಅವಳ ಹುಬ್ಬಿನ ಮೇಲೆ ಬಿತ್ತು, ಅದರ ಕೆಳಗಿಂದ ರಕ್ತ ಇಳಿಯಿತು. ನಾನು ಅಡ್ಡ ಹೋದೆ. ನನ್ನ ಹೊಟ್ಟೆಗೆ ಮೊಣಕಾಲು ಬಿತ್ತು. ಆಮೇಲೆ ಅಪ್ಪ ಉಸಿರು ತಿದ್ದಿಕೊಂಡು, ಆಫೀಸಿನಲ್ಲಿ ನೋಟೀಸು ಓದುವ ದನಿಯಲ್ಲಿ ಹೇಳಿದ: "ಗಣಪತಿಗೆ ಅಕ್ಕಲಕೋಟದಾಗ ಪ್ರೋಗ್ರಾಮ್ ಅದ. ಅಲ್ಲಿ ಇದು ಮತ್ತ ಮರತಿತ್ತಂದ್ರ, ಒರಸಿದ ಕೈ ಮುರದು ಹಾಕ್ತೀನಿ."

ಅಪ್ಪ ಸುಮ್ಮನೆ ಹೆದರಿಸುವವನಲ್ಲ. ಅವ್ವನ ಎಡಗಿವಿ ಕೇಳದೆ ಹೋದದ್ದು ಅಂಥ ಒಂದು ಮಾತನ್ನು ಅವನು ನಡೆಸಿದ್ದರಿಂದಲೇ. ಗಣಪತಿ ಬರುವುದರೊಳಗೆ ಕೀಬೋರ್ಡಿನ ರೋಗ ಹುಡುಕಬೇಕು, ಇಲ್ಲದಿದ್ದರೆ ಅವ್ವನ ಕೈ ಹೋಗುತ್ತದೆ. ಬಿ.ಕಾಂ. ಓದುತ್ತಿದ್ದ ನನಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇರಲಿಲ್ಲ.

ಮೊದಲು ಹೊಸ ಸೆಲ್ ಹಾಕಿಸಿದೆವು. ಮರೆಯಿತು. ಅಡಾಪ್ಟರ್ ಬದಲಿಸಿದೆವು. ಮರೆಯಿತು. ರಿಕ್ಷಾದಲ್ಲಿ ಹಾಕಿಕೊಂಡು ಪೀರಪ್ಪನ ರಿಪೇರಿ ಅಂಗಡಿಗೆ ಒಯ್ದೆವು. ಪೀರಪ್ಪ ಒಂದನೇ ಗುಂಡಿಯಲ್ಲಿ ಪೇಟಿ ಉಳಿಸಿದ, ಅಡಾಪ್ಟರಿನ ವಯರು ಕಿತ್ತ, ಚಹಾ ಕುಡಿದ, ಮತ್ತೆ ಹಚ್ಚಿದ. ಪೇಟಿಯೇ ಬಂತು.

"ಭಾರಿ ಝಕಾಸ್ ಅದ ಮಲ್ಲಣ್ಣ. ಇದರಾಗೇನೂ ಇಲ್ಲ. ನಿಮಗ ಗುಂಡಿ ಒತ್ತಾಕ ಬರಾಂಗಿಲ್ಲೇನೋ," ಅಂದ.

ಅಪ್ಪ ಅವನ ಕಾಲರ್ ಹಿಡಿದು ಮೇಜಿನ ಮೇಲೆ ಕೆಡವಿದ. ಬಿಸಿ ಸೋಲ್ಡರ್ ಕಡ್ಡಿ ಪೀರಪ್ಪನ ಮೊಣಕೈಗೆ ತಾಗಿ ಚರ್ಮ ಚುರ್ ಅಂದಿತು. ಪಕ್ಕದ ಅಂಗಡಿಯವರು ಬಂದು ಅಪ್ಪನಿಗೆ ನಾಲ್ಕು ಹಾಕಿ ಬಿಡಿಸಿದರು. ನನಗೆ ಆ ನಾಲ್ಕು ನೋಡಿ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಸೇಡು ಸಂಜೆ ಅವ್ವನ ಬೆನ್ನಿನ ಮೇಲೆ ತೀರಿತು.

ಅಂಗಡಿಯಲ್ಲಿ ನೆನಪಿಡುವುದು ಮನೆಯಲ್ಲಿ ಯಾಕೆ ಮರೆಯುತ್ತದೆ? ಅಪ್ಪ ಆಫೀಸಿಗೆ ಹೋದ ಮೇಲೆ ನಾನೇ ಅದನ್ನು ಕಬ್ಬಿಣದ ಸ್ಟ್ಯಾಂಡಿನಿಂದ ನೆಲಕ್ಕೆ ಇಳಿಸಿ ಒಂದನೇ ಗುಂಡಿಯಲ್ಲಿ ಪೇಟಿ ಉಳಿಸಿ, ವಯರು ಕಿತ್ತು, ಕಾಲೇಜು ಮುಗಿಸಿ ಬಂದು ನೋಡುತ್ತಿದ್ದೆ. ಇರುತ್ತಿತ್ತು. ಅವ್ವ ಬೇಕಂತಲೇ ಅರಿವೆಯಿಂದ ಒರೆಸುತ್ತಿದ್ದಳು. ಆಗಲೂ ಇರುತ್ತಿತ್ತು. ಅಪ್ಪ ಸಂಜೆ ಅಭ್ಯಾಸ ಮಾಡಿ ಎದ್ದ ಮೇಲೆ ನೋಡಿದರೆ ಮಾತ್ರ ತುತ್ತೂರಿ.

ಹಾಗಾಗಿ ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಮೆಂತ್ಯ ಬಿಡಿಸುತ್ತಾ ಕುಳಿತು ಅವನ ಕೈಯನ್ನೇ ನೋಡಿದೆ. ನುಡಿಸುತ್ತಾ ಒಂದು ಸ್ವರ ತಪ್ಪಿತು. ತಪ್ಪಿದ್ದು ಬೆರಳು, ಏಟು ಬಿದ್ದದ್ದು ಕೀಬೋರ್ಡಿಗೆ. ಎಡಮಗ್ಗುಲಿಗೆ ಧಪ್ ಅಂತ ಗುದ್ದಿದ. ಮತ್ತೆ ತಪ್ಪಿತು, ಮತ್ತೆ ಗುದ್ದಿದ. ಆಮೇಲೆ ವಯರು ಕಿತ್ತು ಅಂಗಿ ಹಾಕಿಕೊಂಡು ಹೊರಗೆ ಹೋದ.

ನಾನು ಓಡಿಹೋಗಿ ಕೀಬೋರ್ಡನ್ನು ಮೆಲ್ಲಗೆ ಮೊಗಚಿ ಎಡಗಡೆಯ ಮುಚ್ಚಳ ತೆಗೆದೆ. ಒಳಗೆ ದಪ್ಪ ಸೆಲ್ಲುಗಳ ಸಾಲು. ವರ್ಷಗಟ್ಟಲೆ ಗುದ್ದು ತಿಂದ ಸ್ಪ್ರಿಂಗು ಚಪ್ಪಟೆಯಾಗಿತ್ತು, ಕೊನೆಯ ಸೆಲ್ ಅದನ್ನು ಬಿಟ್ಟು ಒಂದು ಕೂದಲೆಳೆಯಷ್ಟು ಹಿಂದೆ ಸರಿದು ನಿಂತಿತ್ತು. ವಯರು ಇರುವತನಕ ಅದು ಯಾರಿಗೂ ತಿಳಿಯುವುದಿಲ್ಲ. ವಯರು ಕಿತ್ತ ಕ್ಷಣ ನೆನಪು ಹೋಯಿತು. ನಾನು ಎತ್ತಿ ಇಳಿಸಿದಾಗಲೂ ರಿಕ್ಷಾದಲ್ಲಿ ಕುಲುಕಿದಾಗಲೂ ಸೆಲ್ ತಾನೇ ಉರುಳಿ ಮತ್ತೆ ಸ್ಪ್ರಿಂಗಿಗೆ ತಾಗಿತ್ತು, ಅದಕ್ಕೇ ಪೀರಪ್ಪನ ಮುಂದೆ ಮಳ್ಳಿಯ ಹಾಗೆ ಸರಿಯಾಗಿ ನುಡಿದಿತ್ತು.

ಚಹಾಪುಡಿ ಪೊಟ್ಟಣದ ಬೆಳ್ಳಿ ಕಾಗದವನ್ನು ಮಡಚಿ ಮಡಚಿ ಗಟ್ಟಿ ಮಾಡಿ ಸಂದಿಗೆ ತುರುಕಿದೆ. ಅವ್ವನನ್ನು ಕರೆದು ತೋರಿಸಿದೆ.

"ಅವ್ವಾ, ಇದನ್ನ ಮರಸಾಕತ್ತಿದ್ದು ಅಪ್ಪನ ಕೈ. ನಿನ್ನ ಅರಬಿ ಅಲ್ಲ."

ಅವ್ವ ಬಹಳ ಹೊತ್ತು ಆ ಚಪ್ಪಟೆ ಸ್ಪ್ರಿಂಗನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಹೇಳಬ್ಯಾಡ ಅವರಿಗೆ," ಅಂದಳು. "ನೆಟ್ಟಗಾತಲ್ಲ, ಸಾಕು. ಇನ್ನ ಹೊಡ್ಯೂದಿಲ್ಲ."

ನಾನೂ ಹಾಗೇ ನಂಬಿದೆ. ರೋಗ ಹೋದರೆ ಏಟೂ ಹೋಗುತ್ತದೆ ಅಂತ.

ಅಕ್ಕಲಕೋಟದ ಗಣಪತಿ ಮಂಡಳದ ಮುಂದೆ ಜನ ಕಿಕ್ಕಿರಿದಿದ್ದರು. ಬಸ್ಸಿನಲ್ಲಿ ಕೀಬೋರ್ಡನ್ನು ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಬಂದಿದ್ದೆ. ಅಪ್ಪ ಒಂದನೇ ಗುಂಡಿ ಒತ್ತಿದ. ಪೇಟಿ! ಎರಡು, ಶಹನಾಯಿ! ನನ್ನ ಕಣ್ಣಲ್ಲಿ ನೀರು ಬಂತು, ಅವ್ವನ ಕೈ ಉಳಿಯಿತು. ನಡುವೆ ಸ್ಪೀಕರು ಕೀ ಅಂದಾಗ ಅಪ್ಪ ರೂಢಿಯಂತೆ ಎಡಮಗ್ಗುಲಿಗೆ ಮುಷ್ಟಿ ಎತ್ತಿದ. ನಾನು ಬೆಳ್ಳಿ ಕಾಗದವನ್ನು ಅಷ್ಟು ನಂಬಿರಲಿಲ್ಲ. ಅಡ್ಡ ಕೈ ಇಟ್ಟೆ. ಗುದ್ದು ನನ್ನ ಗೆಣ್ಣಿನ ಮೇಲೆ ಬಿತ್ತು, ಉಗುರೊಂದು ಕಪ್ಪಾಯಿತು, ಹಾಡು ನಿಲ್ಲಲಿಲ್ಲ. ಕೊನೆಗೆ ಅಪ್ಪನಿಗೆ ಹಾರ ಹಾಕಿದರು.

ಬೆಳಗಿನ ಬಸ್ಸಿಗೆ ಮನೆ ಸೇರಿದೆವು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಹಾರ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಪೂರ್ತಿ ಬಾಯಿ ತೆರೆದು, ಚಿಕ್ಕ ಹುಡುಗಿಯ ಹಾಗೆ ನಕ್ಕಳು.

"ಏನೂ ಮರೀಲಿಲ್ಲಲ್ಲರಿ?"

"ಯಾಕ ನಗ್ತಿ? ಕುಂಭಾರಿದು ನೆನಪಾತೇನು? ನನ್ನ ಚೇಷ್ಟಾ ಮಾಡ್ತೀಯಾ?"

ಅವ್ವನ ನಗು ಇನ್ನೂ ಮುಖದ ಮೇಲಿರುವಾಗಲೇ ಅವಳ ಬಲಗೈ ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಅವಳು ಮೊಣಕಾಲೂರಿದಳು. ಇನ್ನೂ ತಿರುಚಿದ. ಕೀಬೋರ್ಡ್ ಒಂದೂ ಮರೆತಿರಲಿಲ್ಲ, ಹಾರ ಕೊರಳಲ್ಲೇ ಇತ್ತು, ಆದರೂ ಮುರಿಯಲು ನಿಂತಿದ್ದ! ನನಗೆ ಆಗ ತಿಳಿಯಿತು, ಈ ಮನುಷ್ಯನಿಗೆ ಕಾರಣ ಯಾವತ್ತೂ ಬೇಕಾಗಿರಲಿಲ್ಲ.

"ಬಿಡು!" ಅಂತ ಕಿರುಚಿದೆ. "ಅದನ್ನ ಕೆಡಿಸಿದ್ದು ನಿನ್ನ ಕೈ! ಗುದ್ದಿ ಗುದ್ದಿ ಸ್ಪ್ರಿಂಗ್ ಸಾಯಿಸೀದಿ! ನಾ ಕಾಗದ ತುರುಕಿದ್ದಕ್ಕ ನಿನಗ ಹಾರ ಬಿದ್ದಾವ!"

ಅವ್ವನನ್ನು ಬಿಟ್ಟು ನನ್ನ ಕಡೆ ತಿರುಗಿದ. ಮೊದಲ ಏಟಿಗೆ ಬಾಯಲ್ಲಿ ಉಪ್ಪುರುಚಿ. ಎರಡನೆಯದಕ್ಕೆ ನೆಲಕ್ಕೆ ಬಿದ್ದೆ. ಎದೆಯ ಮೇಲೆ ಕುಳಿತು, ಎಡಗೈಯಿಂದ ಕುತ್ತಿಗೆ ಒತ್ತಿ ಹಿಡಿದು ಬಲಗೈ ಎತ್ತಿದ. ಕಣ್ಣು ಕತ್ತಲೆಗಟ್ಟುತ್ತಿತ್ತು. ಆ ಕತ್ತಲೆಯಲ್ಲಿ ಅವನ ಹೆಗಲಾಚೆ ಅವ್ವ ಕಂಡಳು. ಕೈಯಲ್ಲಿ ಕೀಬೋರ್ಡಿನ ಕಬ್ಬಿಣದ ಸ್ಟ್ಯಾಂಡು.

ಎತ್ತಿದ ಮಣಿಕಟ್ಟಿನ ಮೇಲೆಯೇ ಬಿತ್ತು ಅದು. ಒಣಗಿದ ಜೋಳದ ದಂಟು ಮುರಿದಂತೆ ಸದ್ದಾಯಿತು. ಅಪ್ಪ ಕೂಗಿ ಮಗ್ಗುಲಿಗೆ ಉರುಳಿದ. ಅವ್ವ ನಿಲ್ಲಿಸಲಿಲ್ಲ. ಅದೇ ಕೈಯನ್ನು ನೆಲದ ಮೇಲೆ ಕಾಲಿನಿಂದ ಅದುಮಿ ಹಿಡಿದು ಇನ್ನೊಮ್ಮೆ ಹಾಕಿದಳು. ಹಾರದ ಹೂವು ಕಿತ್ತು ಮನೆ ತುಂಬ ಚೆಲ್ಲಿದವು. ಆಮೇಲೆ ಸೆರಗು ಸರಿಮಾಡಿಕೊಂಡು, "ಶ್ರೀಲೇಖಾ, ರಿಕ್ಷಾ ಕರಿ," ಅಂದಳು.

ಸ್ಕೂಟರ್ ಮೇಲಿಂದ ಬಿದ್ದೆ ಅಂತ ಅಪ್ಪ ಡಾಕ್ಟರಿಗೂ ಆಫೀಸಿಗೂ ಹೇಳಿದ. ಹೆಂಡತಿ ಮುರಿದಳು ಅನ್ನುವುದಕ್ಕಿಂತ ಅದೇ ವಾಸಿ ಅನಿಸಿರಬೇಕು.

ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ಒಂದು ಸಂಜೆ ಅವನೇ ಕೀಬೋರ್ಡಿನ ಮುಂದೆ ಕುಳಿತು ಎಡಗೈ ಬೆರಳಿನಿಂದ ಒಂದನೇ ಗುಂಡಿ ಒತ್ತಿದ. ಇಷ್ಟು ದಿನ ವಯರು ಇಲ್ಲದೆ ಬಿದ್ದಿದ್ದರೂ ಪೇಟಿಯೇ ಬಂತು. ನುಡಿಸಲು ನೋಡಿದ, ಎಡಗೈಗೆ ಹಾಡು ಬರಲಿಲ್ಲ, ಸ್ವರ ತಪ್ಪಿತು. ಎಡಗೈ ಮುಷ್ಟಿಯಾಗಿ ಮೇಲೆದ್ದಿತು. ಅಡುಗೆಮನೆಯ ಬಾಗಿಲಿಗೆ ಒರಗಿಸಿಟ್ಟಿದ್ದ ಸ್ಟ್ಯಾಂಡಿನ ಪಕ್ಕದಲ್ಲಿ ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಿ ನೋಡಿದಳು, ಅಷ್ಟೆ.

ಮುಷ್ಟಿ ಗಾಳಿಯಲ್ಲೇ ಬಿಚ್ಚಿಕೊಂಡಿತು. ಅಪ್ಪ ನನ್ನ ಕಡೆ ತಿರುಗಿ, ಯಾರೋ ಅಪರಿಚಿತರನ್ನು ಕೇಳುವಂತೆ ಕೇಳಿದ: "ಇದು ಇನ್ನ ಮರಿಯೂದಿಲ್ಲ ಹೌದಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟಳು.

"ಮರಿಯೂದಿಲ್ಲ. ನಾನೂ ಮರಿಯೂದಿಲ್ಲ."

ಅಪ್ಪ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.