ಕಾಲರ್ ಅಕ್ಕ ಇಂಗ್ಲಿಷಿನಲ್ಲಿ ಲೀಡರ್ ಆಗುವ ಕರಡು

1

ಈ ಕಥೆಯನ್ನು ಎಲ್ಲಿ ಹಿಡಿಯಲಿ? ಕಾಲರ್ ಹಿಡಿದೇ ಶುರು ಮಾಡೋಣ. ನನ್ನ ನಾಯಕಿ ಹತ್ತೊಂಬತ್ತು ವರ್ಷದಿಂದ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದಾಳೆ. ಹೊಲಿಗೆ ಕಾರ್ಖಾನೆಯ ಅವಳ ಲೈನಿನಲ್ಲಿ ನಲವತ್ತು ಮಷೀನು, ನಲವತ್ತು ಜನ. ಎಲ್ಲರಿಗೂ ಅವಳು ಕಾಲರ್ ಅಕ್ಕ. ಸರಿ, ಮೊದಲ ವಾಕ್ಯ:

ಮುಂಜಾನೆಯ ಹೊಂಬಿಸಿಲಿನಲ್ಲಿ ಸೂಜಿಯ ಮೊನೆ ಕಣ್ಣೀರ ಹನಿಯಂತೆ ಹೊಳೆಯುತ್ತಿತ್ತು.

"ಥೂ!" ಎಂದಳು ಕಾಲರ್ ಅಕ್ಕ. "ನಮ್ಮ ಹಾಲ್‌ಗೆ ಕಿಟಕೀನೇ ಇಲ್ಲ ಕಣಪ್ಪ, ಬರೀ ಟ್ಯೂಬ್‌ಲೈಟು. ಸೂಜಿ ಅಷ್ಟು ಹೊಳೆಯೋ ಹಾಗಿದ್ರೆ ನಾನ್ಯಾಕೆ ಕನ್ನಡಕ ಹಾಕ್ಕೋತಿದ್ದೆ?"

(ಹೊಂಬಿಸಿಲು ಹೊಡೆದುಹಾಕಿದೆ. ಪಾತ್ರಕ್ಕೆ ಬಾಯಿ ಕೊಟ್ಟ ಲೇಖಕ ತಾನು ಬಾಯಿ ಮುಚ್ಚಿಕೊಳ್ಳಬೇಕು.)

1, ಮತ್ತೆ

ವಿಷಯ ಆ ಕನ್ನಡಕದ್ದೇ. ಗಂಟೆಗೆ ಅರವತ್ತು ಕಾಲರ್ ಮುಗಿಯಬೇಕು; ನಲವತ್ತೆಂಟಕ್ಕೇ ಅವಳ ಕಣ್ಣು ಮಂಜಾಗುತ್ತದೆ. ಲೈನಿಗೆ ಸೂಪರ್‌ವೈಸರ್ ಬೇಕಾಗಿದ್ದಾರೆ. ಆ ಜಾಗ ಸಿಕ್ಕರೆ ಬಚಾವು. ಸಿಗದಿದ್ದರೆ ಮುಂದಿನ ತಿಂಗಳು ನೂಲು ಕತ್ತರಿಸುವ ಮೇಜಿಗೆ, ಹೆಲ್ಪರ್ ಆಗಿ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ನಿಂತಿದ್ದ ಮೇಜೇ ಅದು. ಇಷ್ಟು ವರ್ಷ ನಡೆದು ಹೊರಟಲ್ಲಿಗೇ ಬಂದು ನಿಲ್ಲುವುದು!

ಷರತ್ತು ಒಂದೇ. ಸಂದರ್ಶನ ಇಂಗ್ಲಿಷಿನಲ್ಲಿ.

2

ಕಂಪನಿ ಉದಾರಿ. ಶನಿವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇಂಗ್ಲಿಷ್ ಕ್ಲಾಸು ಇಟ್ಟಿತು. ಪುಸ್ತಕದ ಹೆಸರು 'ನಾಯಕತ್ವದಿಂದ ಇಂಗ್ಲಿಷಿಗೆ'. ವ್ಯಾಕರಣವೂ ಬರಬೇಕು, ಲೀಡರ್‌ಶಿಪ್ಪೂ ಬರಬೇಕು, ಒಂದೇ ದಾರದಲ್ಲಿ ಎರಡು ಹೊಲಿಗೆ. ಮೊದಲ ಪಾಠ: ಎ ಲೀಡರ್ ಲಿಸನ್ಸ್. ನಾಯಕನಾದವನು ಕೇಳಿಸಿಕೊಳ್ಳುತ್ತಾನೆ.

ಉದ್ಘಾಟನೆಗೆ ಬಂದ ಮ್ಯಾನೇಜರು, ಚಳಿಗೆ ಸ್ಟಾರ್ಟ್ ಆಗದ ಸ್ಕೂಟರಿನಂತೆ ನಾಲ್ಕು ಸಲ ಗಂಟಲು ಒದ್ದು ("ಘ್ರ್... ಘ್ರ್... ಘ್ರ್... ಘ್ರ್... ಡಿಯರ್ ಫ್ರೆಂಡ್ಸ್!"), ಕೇಳಿಸಿಕೊಳ್ಳುವುದರ ಮಹತ್ವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಯಾರೋ ಪ್ರಶ್ನೆ ಕೇಳಲು ಎದ್ದಾಗ ಟೈಮಿಲ್ಲವೆಂದು ಹೊರಟರು.

ಉಳಿದವರು ಮೇಷ್ಟ್ರು. ಟೆನ್ಸ್ ಕಲಿಸಲು ಬಂದ ಅವರಿಗೇ ಟೆನ್ಷನ್ನು.

"ಮೇಷ್ಟ್ರೇ, ಡೆಲಿಗೇಟ್ ಅಂದ್ರೆ?"

"ಕೆಲಸಾನ ನಂಬಿಕೆಯಿಂದ ಇನ್ನೊಬ್ಬರಿಗೆ ವಹಿಸೋದಮ್ಮ."

"ಓ, ನಮ್ಮ ತಲೆಗೆ ಕಟ್ಟೋದು. ಎಂಪವರ್?"

"ಅಧಿಕಾರ ಕೊಡೋದು."

"ಇದು ಬರೀ ಪುಸ್ತಕದಲ್ಲಿದೆಯಾ, ಇಲ್ಲಾ ಕಂಪನೀಲೂ ಇದೆಯಾ?"

ಮೇಷ್ಟ್ರು ಬೋರ್ಡ್ ಒರೆಸಿದರು. ಅದರ ಮೇಲೆ ಏನೂ ಬರೆದಿರಲಿಲ್ಲ.

4

(ಮೂರು ಎಲ್ಲಿ ಹೋಯಿತು? ಮೂರರಲ್ಲಿ ಅವಳು ಸ್ಟೋರ್‌ರೂಮಿನಲ್ಲಿ ಬಟ್ಟೆಯ ಥಾನುಗಳ ನಡುವೆ ಕೂತು ಅಳುತ್ತಿದ್ದಳು. ಒಂದೂವರೆ ಪುಟ, ಒಳ್ಳೇ ಗದ್ಯ. "ನಾನು ಅತ್ತಿಲ್ಲ, ಅಳಿಸು" ಎಂದಳು. ಅವಳನ್ನು ಅಳಿಸಲು ಹೋಗಿ ನಾನೇ ಅಳಿಸಬೇಕಾಯಿತು.)

ಸಂದರ್ಶನದ ದಿನ. ಮ್ಯಾನೇಜರ ಕೋಣೆ ಮಹಡಿಯ ಮೇಲಿದೆ. ಒಂದು ಗೋಡೆಯಿಡೀ ಗಾಜು, ಕೆಳಗೆ ಪೂರ್ತಿ ಲೈನು. ಮೇಜಿನ ಆಚೆ, ಗಾಜಿಗೆ ಬೆನ್ನು ಹಾಕಿ ಮ್ಯಾನೇಜರು, ಪಕ್ಕದಲ್ಲಿ ಮೇಷ್ಟ್ರು. ಈಚೆ ಕಾಲರ್ ಅಕ್ಕ. ಅವಳಿಗೆ ಲೈನು ಕಾಣುತ್ತದೆ, ಲೈನಿಗೆ ಅವಳು. ಅಕ್ಕನ ಗತಿ ಏನಾಯಿತೋ ಎಂದು ಕೆಳಗಿನವರು ನಿಮಿಷಕ್ಕೊಮ್ಮೆ ಕತ್ತೆತ್ತುತ್ತಿದ್ದರು.

"ಘ್ರ್... ಟೆಲ್ ಅಸ್. ವೆನ್ ಡಿಡ್ ಯು ಶೋ ಲೀಡರ್‌ಶಿಪ್?"

ಕಾಲೇಜಿಗೆ ಹೋಗುವ ಮಗಳು ಉರುಹೊಡೆಸಿದ್ದ ಉತ್ತರ, ಐ ಆ್ಯಮ್ ಎ ಡೈನಾಮಿಕ್ ಪರ್ಸನ್ ಎಂದು ಶುರುವಾಗುವಂಥದ್ದು, ಬಾಯಿಗೆ ಬರಲೇ ಇಲ್ಲ. ನಿಜವಾಗಿ ನಡೆದದ್ದು ಬಂತು.

"ಒನ್ ಡೇ, ಸರ್, ಒನ್ ಗರ್ಲ್... ಫಿಂಗರ್ ಗೋ ಇನ್ ನೀಡಲ್. ಐ ಶೌಟ್. ನೋಬಡಿ ಹಿಯರ್. ಮಷೀನ್ ಸೌಂಡ್! ಸೋ ಆಫ್ಟರ್ ದಟ್, ಐ ಟೀಚ್ ಆಲ್. ಐ ಡೂ ದಿಸ್."

ಎಂದು ಎದ್ದು ನಿಂತು, ಎರಡೂ ತೋಳುಗಳನ್ನು ತಲೆಯ ಮೇಲೆತ್ತಿ ಅಡ್ಡಕ್ಕೆ ಕೂಡಿಸಿ ತೋರಿಸಿದಳು.

ಕೆಳಗೆ ಕತ್ತೆತ್ತಿದ್ದವಳೊಬ್ಬಳು ನೋಡಿದಳು. ಮಷೀನು ಬಿಟ್ಟು ತಾನೂ ತೋಳೆತ್ತಿ ಅಡ್ಡ ಕೂಡಿಸಿದಳು. ಅವಳನ್ನು ನೋಡಿ ಪಕ್ಕದವಳು. ಹತ್ತು ಸೆಕೆಂಡಿನಲ್ಲಿ ಇಡೀ ಲೈನಿನ ಮಷೀನುಗಳು ನಿಂತವು. ಗಾಜು ನಡುಗುವುದು ನಿಂತಿತು. ಮ್ಯಾನೇಜರಿಗೆ ತಮ್ಮ ಫ್ಯಾನಿನ ಸದ್ದು ಆವತ್ತೇ ಮೊದಲು ಕೇಳಿಸಿದ್ದು.

"ಅಯ್ಯೋ, ಕೆಟ್ಟೆ" ಎಂದಳು ಕಾಲರ್ ಅಕ್ಕ, ಅಪ್ಪಟ ಕನ್ನಡದಲ್ಲಿ.

4, ಜಗಳ

"ಅಕ್ಕಾ, ಬೇಕಂತಲೇ ಮಾಡಿದೆ ಅಂತ ಬರೀಲಾ? ಓದುಗರು ಶಿಳ್ಳೆ ಹೊಡೀತಾರೆ."

"ಬೇಕಂತ ಮಾಡಿದ್ರೆ ನಾನು ಲೀಡರ್ ಅಲ್ಲ, ನಾಟಕದವಳು. ಕೈ ತಾನಾಗೇ ಹೋಯ್ತು. ಹೋಯ್ತು ಅಂತಲೇ ಬರಿ."

ಹೋಯಿತು.

5

ಮ್ಯಾನೇಜರು ವಾಚ್ ನೋಡಿಕೊಂಡರು. ಗಂಟೆ ಒತ್ತಿದರು. ಗಾಜು ಬಡಿದು "ಸ್ಟಾರ್ಟ್! ಸ್ಟಾರ್ಟ್!" ಎಂದರು. ಯಾರೂ ಮಷೀನಿನ ಪೆಡಲು ಮುಟ್ಟಲಿಲ್ಲ. ಲೈನಿನ ಕಟ್ಟಳೆ ಅವರಿಗೆ ಗೊತ್ತಿರಲಿಲ್ಲ: ಮೊದಲು ಕೈ ಕೂಡಿಸಿದವರೇ ಕೈ ಇಳಿಸಬೇಕು. ಇಳಿಸುವ ಮೊದಲು ಪ್ರತಿಯೊಬ್ಬರೂ ಹತ್ತು ಬೆರಳು ಎತ್ತಿ ತೋರಿಸಬೇಕು.

(ವಾಕ್ಯರಚನೆ ಗಮನಿಸಿ. ಕರ್ತೃ ಮ್ಯಾನೇಜರು, ಕ್ರಿಯೆ ಲೈನಿನದು, ಕರ್ಮ ಮಾತ್ರ ಕಾಲರ್ ಅಕ್ಕನದು.)

"ಏನಮ್ಮಾ ಇದು? ಶುರು ಮಾಡೋಕೆ ಹೇಳು!" ಮ್ಯಾನೇಜರಿಗೂ ಕನ್ನಡ ಬರುತ್ತಿತ್ತು.

"ವೇಟ್, ಸರ್."

ಕೆಳಗೆ ಬೆರಳುಗಳು ಏಳತೊಡಗಿದ್ದವು. ಅವಳು ಎತ್ತಿದ ತೋಳು ಇಳಿಸದೆ, ಕನ್ನಡಕದೊಳಗಿಂದ ಕಣ್ಣು ಕಿರಿದು ಮಾಡಿ ಎಣಿಸಿದಳು. ಮೂವತ್ತೆಂಟು. ತನ್ನದು ಖಾಲಿ ಕುರ್ಚಿ, ಮೂವತ್ತೊಂಬತ್ತು. ಕೊನೆಯ ಮಷೀನಿನಲ್ಲಿ ಯಾರೂ ಕಾಣಲಿಲ್ಲ.

"ಪ್ರೊಡಕ್ಷನ್ ಹೋಗ್ತಿದೆ!"

"ವೇಟ್."

ಈ ಸಲ 'ಸರ್' ಇರಲಿಲ್ಲ. ಕೊನೆಗೆ ಮಷೀನಿನ ಕೆಳಗಿಂದ, ಉರುಳಿಹೋಗಿದ್ದ ಬಾಬಿನ್ ಹಿಡಿದು ಒಂದು ತಲೆ ಮೇಲೆದ್ದಿತು. ಸುತ್ತ ನೋಡಿ ಗಾಬರಿಯಾಗಿ ಎರಡೂ ಕೈ ಎತ್ತಿತು. ಹತ್ತು ಬೆರಳು. ಕಾಲರ್ ಅಕ್ಕ ತೋಳುಗಳನ್ನು ನಿಧಾನವಾಗಿ ಇಳಿಸಿದಳು. ನಲವತ್ತರಲ್ಲಿ ಒಂದು ಬಿಟ್ಟು ಎಲ್ಲ ಮಷೀನೂ ಮೊರೆದವು.

ಏಳು ನಿಮಿಷ ನಷ್ಟ. ಮ್ಯಾನೇಜರು ಅದನ್ನು ಅವಳ ಅರ್ಜಿಯ ಅಂಚಿನಲ್ಲಿ ಬರೆದುಕೊಂಡರು.

6, 6 ಮತ್ತು 6

ಮೊದಲ ಮುಕ್ತಾಯ: ಮ್ಯಾನೇಜರು ಎದ್ದು ಚಪ್ಪಾಳೆ ತಟ್ಟುತ್ತಾರೆ. ("ಅವರಾ? ಸೊಳ್ಳೆ ಕೂತ್ರೂ ತಟ್ಟಲ್ಲ.") ಎರಡನೆಯದು: ಅವಳು ನೂಲು ಕತ್ತರಿಸುವ ಮೇಜಿಗೆ ಹೋಗುತ್ತಾಳೆ, ಬೇರೆಯವರು ಸೂಪರ್‌ವೈಸರ್, ಆದರೆ ಜನ ನೋಡುವುದು ಇವಳ ಕೈಯನ್ನೇ. ("ಚೆನ್ನಾಗಿದೆ. ನೀನು ಹೋಗಿ ನಿಂತ್ಕೋ ಆ ಮೇಜಿನ ಮುಂದೆ.") ಮೂರನೆಯದು: ಮುಂದಿನ ವರ್ಷದ ಪುಸ್ತಕದಲ್ಲಿ ಹೊಸ ಪಾಠ, ಕೈಸನ್ನೆಯ ಚಿತ್ರ, ಕೆಳಗೆ ಮ್ಯಾನೇಜರ ಹೆಸರು.

ಇದಕ್ಕೆ ಅವಳು ಬಿದ್ದು ಬಿದ್ದು ನಕ್ಕಳು. "ಇದೊಂದು ಗ್ಯಾರಂಟಿ ಆಗತ್ತೆ ನೋಡು. ಆದ್ರೂ ಬರೀಬೇಡ. ನಾನಿನ್ನೂ ಆ ರೂಮಿಂದ ಹೊರಗೇ ಬಂದಿಲ್ಲ."

ಹೌದಲ್ಲ. ಬಂದಿಲ್ಲ.

7

"ದಟ್ಸ್ ಆಲ್. ಯು ಮೇ ಗೋ" ಎಂದರು ಮ್ಯಾನೇಜರು.

"ನೋ, ಸರ್. ಐ ಹ್ಯಾವ್ ಕ್ವಶ್ಚನ್."

ಅರ್ಜಿದಾರರು ಪ್ರಶ್ನೆ ಕೇಳುವ ಪಾಠ ಪುಸ್ತಕದಲ್ಲಿ ಇರಲಿಲ್ಲ. ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ಆಲ್ ಮಷೀನ್ ಸ್ಟಾಪ್. ಐ ಸೀ ಫಿಂಗರ್ಸ್. ಯು ಸೀ ವಾಚ್." ಅವಳು ಗಾಜಿನ ಕಡೆ ಒಮ್ಮೆ ನೋಡಿ, ಮತ್ತೆ ಅವರ ಕಡೆ ತಿರುಗಿದಳು. "ವೈ, ಸರ್?"

ಮೇಷ್ಟ್ರ ನಾಲಿಗೆಯ ತುದಿಗೆ 'ಸೀ ಅಲ್ಲಮ್ಮ, ಸಾ' ಬಂದಿತ್ತು; ಭೂತಕಾಲ. ಅವರು ಅದನ್ನು ನುಂಗಿಕೊಂಡರು. ಮ್ಯಾನೇಜರು ಗಂಟಲು ಸರಿಮಾಡಿದರು, ಒಂದು ಸಲ, ಎರಡು ಸಲ, ನಾಲ್ಕು ಸಲ. ಸ್ಕೂಟರು ಹತ್ತಲಿಲ್ಲ. ತಮ್ಮ ಬಾಯಿಗೊಂದು ಮಾತು ಹಾಕು ಎಂದು ನನ್ನ ಕಡೆ ನೋಡಿದರು.

ನಾನು ಹಾಕುವುದಿಲ್ಲ. ಅವರ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿದೆ. ಕಾಲರ್ ಅಕ್ಕ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಕೂತಿದ್ದಾಳೆ, ಕೇಳಿಸಿಕೊಳ್ಳಲು.