ಪಾಲಬಾವಿಯ ಕಲ್ಲಿನ ಕಡೆಯ ಐದು ಸಾಲು

ಕೃಷ್ಣೆಯ ದಂಡೆಗೆ ಕಬ್ಬು ಇನ್ನೂ ಕಾಲಿಡದಿದ್ದ, ದಾರಿ ನಡೆದವರಿಗೆ ಹುಣಸೆಯ ನೆರಳೇ ಧರ್ಮಶಾಲೆಯಾಗಿದ್ದ ಕಾಲದಲ್ಲಿ ಒಬ್ಬ ಬಿಳಿ ಸಾಹೇಬನಿದ್ದನಂತೆ. ಅವನಿಗೆ ಹಳೆಯ ಕಲ್ಲುಗಳ ಹುಚ್ಚು. ಕುದುರೆ ಏರಿ ಊರೂರು ತಿರುಗುವನು, ಆದರೆ ಕಲ್ಲಿನ ಮೇಲಿನ ಒಂದಕ್ಷರವೂ ಅವನಿಗೆ ಬಾರದು. ಓದುವವನು ಹಿಂದೆ ನಡೆದು ಬರುವ ಗುಮಾಸ್ತ ಸಿದ್ದಲಿಂಗ. ಪಾಲಬಾವಿ ಊರಿನ ಕಲ್ಲಿನ ಹತ್ತೊಂಬತ್ತು ಸಾಲು ಬರೆದುಕೊಂಡ ಸಿದ್ದಲಿಂಗ, ಮಣ್ಣಲ್ಲಿ ಹೂತಿದ್ದ ಕಡೆಯ ಐದು ಸಾಲಿಗಾಗಿ ಅಗೆಸಿ ಬಗ್ಗಿ ನೋಡಿದ. ಅಂದು ಸಂಜೆ ಜ್ವರ, ಮೂರನೆಯ ದಿನ ಹೆಣ. ಸಾಹೇಬ ತನ್ನ ಪುಸ್ತಕದಲ್ಲಿ ಆ ಐದು ಸಾಲಿನ ಜಾಗದಲ್ಲಿ ಬರೀ ಚುಕ್ಕೆ ಇಟ್ಟು ಹೊರಟುಹೋದ.

ಈ ಕತೆಯನ್ನು ಗಿರಿಜವ್ವ ಮೊಮ್ಮಗಳು ಮಾಯಾಳಿಗೆ ನೂರು ಸಲ ಹೇಳಿದ್ದಳು. ಸಿದ್ದಲಿಂಗ ಗಿರಿಜವ್ವನ ಗಂಡನ ಮುತ್ತಜ್ಜ. ಆಮೇಲೆ ಆ ಮನೆಯ ಗಂಡಸರು ಯಾರೂ ಐವತ್ತು ದಾಟಲಿಲ್ಲ. ಗಂಡ ಹೋದ, ಮಗನೂ ಹೋದ. ಓದಬಾರದ್ದನ್ನು ಓದಿದ ಶಾಪ ಎಂದು ಊರು ಹೇಳಿತು, ಗಿರಿಜವ್ವ ನಂಬಿದಳು. ಎಂಬತ್ತೆಂಟಾಗಿ ಹಾಸಿಗೆ ಹಿಡಿದ ಮೇಲೆ, ಧಾರವಾಡದಲ್ಲಿ ಹಳೆಯ ಲಿಪಿ ಕಲಿತು ಬಂದ ಮೊಮ್ಮಗಳ ಕೈ ಹಿಡಿದುಕೊಂಡಳು.

"ನಮಗ ಏನಂತ ಶಾಪ ಹಾಕ್ಯಾರ, ಕೇಳೇ ಸಾಯ್ತೀನಿ. ಓದಿ ಹೇಳ್ತಿ?"

"ಹೇಳ್ತೀನಿ, ಆಯಿ."

ಮಾತು ಕೊಟ್ಟ ಮರುದಿನವೇ ಮಾಯಾ ಕಾಗದ, ಮಸಿ ಹಿಡಿದು ಕಲ್ಲಿನತ್ತ ಹೊರಟಳು.

ಕಲ್ಲು ಈಗ ಅಣ್ಣಾಸಾಬನ ಕಬ್ಬಿನ ನಡುವೆ ನಿಂತಿದೆ. ದನಕ್ಕೆ ಬೇನೆ ಬಂದರೆ ಅದಕ್ಕೆ ಎಣ್ಣೆ ಹಚ್ಚಿ, ನೀರು ಸುರಿದು, ಇಳಿದ ನೀರನ್ನು ಹಿಡಿದು ಕುಡಿಸುವುದು ಊರಿನ ಪದ್ಧತಿ. ಅಂದು ಅಣ್ಣಾಸಾಬನೂ ತನ್ನ ಎಮ್ಮೆಗೆಂದು ಕೊಡ ಹಿಡಿದು ಬಂದಿದ್ದ. ನೀರು ಹಿಡಿದಾದ ಮೇಲೆ ಹಾರೆಯಿಂದ ಬುಡ ಅಗೆದುಕೊಟ್ಟು, ಹತ್ತು ಹೆಜ್ಜೆ ಹಿಂದೆ ಸರಿದ.

"ಓದ್ಕೊ ತಂಗಿ. ಸಾಯೂದಾದ್ರ ಮನೀಗಿ ಹೋಗಿ ಸಾಯಿ ಮತ್ತ. ಇಲ್ಲೇ ಬಿದ್ದೆಂದ್ರ ಕಬ್ಬ ಕಡ್ಯಾಕ ಒಬ್ಬರೂ ಬರೂದಿಲ್ಲ."

"ಹಂಗ ಆಗ್ಲಿ ಕಾಕಾ," ಎಂದು ನಗಲು ಹೋದವಳಿಗೆ ನಗು ಬರಲಿಲ್ಲ.

ಮಣ್ಣು ತೊಳೆದಳು. ಅಕ್ಷರಗಳ ಅಚ್ಚು ತೆಗೆಯಲು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಬಡಿದಳು. ಬಟ್ಟೆಯುಂಡೆಗೆ ಮಸಿ ಹಚ್ಚಿ ಒತ್ತುತ್ತ ಹೋದಂತೆ ಕಪ್ಪಿನೊಳಗಿಂದ ಬಿಳಿ ಅಕ್ಷರಗಳು ಒಂದೊಂದಾಗಿ ಕಣ್ಣು ತೆರೆದವು. ಗಾಳಿಯಿಲ್ಲದಿದ್ದರೂ ಎಲ್ಲೋ ಕಬ್ಬಿನ ಒಣಗರಿಯ ರವುದಿ ಸರಸರ ಎಂದಿತು. ಕುತ್ತಿಗೆ ಬಿಸಿಯಾದಂತೆ ತೋರಿ ಮುಟ್ಟಿ ನೋಡಿಕೊಂಡಳು. ಜ್ವರವೋ, ಬಿಸಿಲೋ?

"ಏನಂತೈತಿ?" ಅಣ್ಣಾಸಾಬ ನಿಂತಲ್ಲಿಂದಲೇ ಕೂಗಿದ.

"ಬಾಯಾರಿದ ದನಕ್ಕ ಒಂದ್ ಕೆರಿ ಕಟ್ಟಿಸ್ಯಾರ. ಆ ಕೆರಿ ಕಾಯ್ದಾಂವ ಬಾಳಲಿ ಅಂತಾರ. ಅದನ್ನ ಮುಚ್ಚಿದಾಂವನ ನೀರಡಿಕಿ ಏಳು ತಲಿಮಾರು ಆರಬಾರದು ಅಂತ."

"ಯಾವ ಕೆರಿ?"

"ಇಲ್ಲೇ ಇತ್ತು. ಈ ಕಲ್ಲಿನ ಮುಂದ."

ಅವನ ಮುಖ ಕಪ್ಪಿಟ್ಟಿತು. "ನಮ್ಮಪ್ಪ ಮುಚ್ಚಿಸಿ ಹೊಲಾ ಮಾಡ್ದ," ಎಂದ, ತನಗೆ ತಾನೇ ಎಂಬಂತೆ. ಆಮೇಲೆ ಹಾರೆ ಎತ್ತಿಕೊಂಡು ಹತ್ತಿರ ಬಂದ. "ಕಾಗದ ಇತ್ತ ಕೊಡು. ಊರಿಗಿ ಗೊತ್ತಾದ್ರ ನನಗ ಹೊಲಾನೂ ಇಲ್ಲ, ಮರ್ಯಾದಿನೂ ಇಲ್ಲ."

ಕಡೆಯ ಸಾಲು ಇನ್ನೂ ಓದಿರಲಿಲ್ಲ. ಒಣಗುವ ಮುಂಚೆ ಕೀಳಬಾರದ ಕಾಗದವನ್ನು ಮಾಯಾ ಕಿತ್ತಳು. ಅಂಚು ಹರಿಯಿತು. ಎದೆಗೆ ಹಿಡಿದು ಓಡಿದಳು. ಕಬ್ಬಿನ ಗರಿಗಳು ಮುಖ ಕೊಯ್ದವು. ಬೆನ್ನ ಹಿಂದೆ ಕಬ್ಬಿಣ ಕಲ್ಲಿಗೆ ಬಡಿಯಿತು. ಮತ್ತೆ, ಮತ್ತೆ. ಏನೋ ಸೀಳಿ ಬಿದ್ದ ಸದ್ದು. ಆಮೇಲೆ ಭಾರವಾದ ಹೆಜ್ಜೆಗಳು, ಅವಳ ದಾರಿಯಲ್ಲೇ.

ಆ ಸಾಲುಗಳು ಇನ್ನು ಜಗತ್ತಿನಲ್ಲಿ ಉಳಿದಿದ್ದುದು ಅವಳ ಕೈಯ ಒದ್ದೆ ಕಾಗದದಲ್ಲಿ ಮಾತ್ರ. ಬೆವರಿಗೆ ಮಸಿ ಕರಗುತ್ತಿತ್ತು.

ಮನೆಯೊಳಗೆ ಬಂದು ಚಿಲಕ ಹಾಕಿ, ಅಜ್ಜಿಯ ಪಕ್ಕದಲ್ಲಿ ಕುಸಿದಳು. ಬಾಗಿಲು ದಡದಡ ಅಲುಗಿತು.

"ತೆಗಿ ಬೇ! ಒಡದ ಬರ್ತೀನಿ!"

"ಅಂವಾ ಬಡೀಲಿ," ಎಂದಳು ಗಿರಿಜವ್ವ. "ನೀ ಓದು."

ಮಾಯಾ ನಾಲ್ಕು ಸಾಲು ಓದಿದಳು. ಬಾಗಿಲ ಮೇಲಿನ ಕೀಲು ಕಿತ್ತು ಬಂತು. ಐದನೆಯದಕ್ಕೆ ಬೆರಳಿಟ್ಟು, ಕರಗುವ ಅಕ್ಷರಗಳನ್ನು ಹಿಡಿದು ನಿಲ್ಲಿಸುವಂತೆ ಗಟ್ಟಿಯಾಗಿ ಓದಿ ಹೇಳಿದಳು:

"ಇದನ್ನ ಓದಿ ನಾಕು ಮಂದಿಗೆ ತಿಳಿಸಿದಾಂವಗ, ಕೆರಿ ಕಟ್ಟಿಸಿದಾಂವನ ಪುಣ್ಯದಾಗ ಪಾಲು."