ಕಡ್ಡಿಯ ಬೆನ್ನಿನ ಪ್ಯಾಚು

ಮತ್ತೆ ಕುಂಯ್ ಎಂದ ಕಡ್ಡಿ, ಬೆಳಗಿನಿಂದ ಸುಮ್ಮನಿದ್ದ ನಾಯಿ ಈ ಮಧ್ಯಾಹ್ನ ಏಕೆ ನರಳುತ್ತಿದೆ, ಆಪರೇಷನ್ ಆದ ಕಾಲಿನ ಹೊಲಿಗೆ ಬಿಚ್ಚಿತೇ — ಇಲ್ಲ, ಮೂವತ್ತು ವರ್ಷ ಬಟ್ಟೆ ಹೊಲಿದವಳು ನಾನು, ಡಾಕ್ಟರಮ್ಮನ ಹೊಲಿಗೆಗೆ ಹೆಸರಿಡುವಂತಿಲ್ಲ, ಮತ್ತೆ ನೋವೇಕೆ ಮರಿ, ಬೆನ್ನಿಗೆ ಔಷಧಿಯ ಪ್ಯಾಚು ಅಂಟಿಸಿದ್ದಾರಲ್ಲ, ಮೂರು ದಿನ ನೋವೇ ಗೊತ್ತಾಗಲ್ಲ ಅಂದಿದ್ದಾರಲ್ಲ — ತಿರುಗಿಸಿ ನೋಡಿದರೆ ಕೂದಲು ಬೋಳಿಸಿದ ಜಾಗದಲ್ಲಿ ಏನೂ ಇಲ್ಲ, ಬರೀ ಚರ್ಮ. ಡಾಕ್ಟರಮ್ಮ ಮೊದಲೇ ಹೇಳಿದ್ದರು, ನೋಡೀಮ್ಮ, ಇದು ಅಫೀಮಿನ ಜಾತಿಯ ಔಷಧಿ, ಇವನಿಗೆ ಹಿತ, ಮಗುವಿಗೆ ಅಂಟಿದರೆ ನಿದ್ದೆಯಲ್ಲೇ ಉಸಿರು ನಿಂತುಹೋಗುತ್ತೆ, ಮನೇಲಿ ಮಕ್ಕಳಿದ್ದಾರಾ, ಇಲ್ಲ ಅಂದೆ, ಇದ್ದಾರೆ ಅಂದರೆ ಎಲ್ಲಿ ಕೊಡದೆ ಕಳಿಸುತ್ತಾರೋ ಅಂತ, ಅವನ ಅರಚಾಟ ಕೇಳಲಾರದೆ ನೀಟಾಗಿ ಸುಳ್ಳು ಹೇಳಿದೆ, ಮಗಳು ಕೆಲಸಕ್ಕೆ ಹೋಗುವಾಗ ಬಿಟ್ಟುಹೋಗುವ ಮೂರು ವರ್ಷದ ಮೊಮ್ಮಗಳು ಕೋಣೆಯಲ್ಲಿ ಮಲಗಿದ್ದಾಳೆ, ಸ್ಟಿಕ್ಕರ್ ಹುಚ್ಚಿನವಳು, ಫ್ರಿಜ್ಜಿನಿಂದ ಕಿತ್ತು ಹಣೆಗೆ, ಹಣೆಯಿಂದ ಕಿತ್ತು ಹೊಲಿಗೆ ಯಂತ್ರಕ್ಕೆ, ಆ ಪುಟ್ಟ ಉಗುರು ಮೂಲೆಗೆ ತಗುಲಿತೆಂದರೆ ಯಾವ ಅಂಟೂ ನಿಲ್ಲುವುದಿಲ್ಲ.

ಏಳು, ಏಳಬೇಕು, ಮೊಣಕಾಲೇಕೆ ಹತ್ತಿಯಂತಾಗಿದೆ, ಹೆದರಿಕೆಗೆ, ಗೋಡೆ ಹಿಡಿದು ನಡಿ, ಮೂಗೇಕೆ ಇಷ್ಟು ತುರಿಕೆ, ನಾಯಿಕೂದಲಿರಬೇಕು — ಫ್ರಾಕ್ ಎತ್ತಿದೆ, ಹೊಟ್ಟೆಯ ಮೇಲಿಲ್ಲ, ಬೆನ್ನ ಮೇಲಿಲ್ಲ, ಅಂಗಾಲು, ಕಂಕುಳು, ಬಾಯೊಳಗೆ ಬೆರಳಿಟ್ಟೆ, ಇಲ್ಲ, ಉಸಿರು ಒಂದು, ಎರಡು, ಬೆಚ್ಚಗೆ ಕೈಗೆ ತಾಗುತ್ತಿದೆ, ಹತ್ತು, ಹನ್ನೊಂದು, ಎಷ್ಟಾಯಿತು, ಮರೆತೆ, ಮತ್ತೆ ಒಂದರಿಂದ, ಅಮ್ಮಾ ಯಾಕೆ ಮಾತು ತೊದಲ್ತಿದೆ ಅಂದಳು ಮಗಳು ಬೆಳಿಗ್ಗೆ ಬಾಗಿಲಲ್ಲಿ, ನಿದ್ದೆಗೆಟ್ಟಿದೀಯ, ನಿನ್ನ ನಾಲ್ಕು ಕಾಲಿನ ಮುದ್ದಿನ ಮಗನ ಚಾಕರಿ ಜಾಸ್ತಿಯಾಯ್ತು, ನಕ್ಕೆ ನಾನು, ನಿದ್ದೆಯೇನೋ ಮಾಡಿದ್ದೆ, ನೆಲದ ಮೇಲೆ ಅವನ ಪಕ್ಕದಲ್ಲೇ, ಅವನ ಬೆನ್ನನ್ನು ತೋಳಿಗೊತ್ತಿಕೊಂಡು, ಬೆಳಗಾಗುವವರೆಗೆ — ತೋಳಿಗೆ. ತೋಳು ತಿರುಗಿಸು. ಮೊಣಕೈಯ ಒಳಗೆ, ಅಂಚೆಚೀಟಿಯಷ್ಟು, ಇಗೋ.

ಮಗುವಿಗಲ್ಲ, ನನಗೆ, ಸದ್ಯ, ಅಳು ಬಂತು, ನನಗಾದರೆ ಆಗಲಿ — ಆಗಲಿ ಅಂದರೆ ಹೇಗೆ, ಸಂಜೆಯವರೆಗೆ ಇವಳಿಗೆ ಯಾರಿದ್ದಾರೆ, ಕೀಳು, ಸೂಜಿಗೆ ನೂಲು ಪೋಣಿಸುವ ಬೆರಳು ಅದರ ಅಂಚು ಸಿಗದೆ ಜಾರುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ, ತೆರೆ, ಫೋನು ಹೊಲಿಗೆ ಮೇಜಿನ ಮೇಲಿದೆ, ಎಷ್ಟು ದೂರ, ಉಸಿರಾಡು, ಉಸಿರಾಡುವುದನ್ನು ಮರೆಯಬೇಡ, ಯಾವಾಗ ನೆಲಕ್ಕೆ ಕುಸಿದೆ, ಮಗು ಎದ್ದಿದ್ದಾಳೆ, ಪಕ್ಕಕ್ಕೇ ಬಂದಳು, ಅಜ್ಜಿ, ನಿಂಗೂ ಸ್ಟಿಕ್ಕರ್ರಾ, ನಂಗೆ ಕೊಡು, ಬೇಡ ಕಂದಾ, ಅಂದೆನೇ, ಬಾಯಿ ಆಡಿತೇ, ನಾನೇ ತೆಗೀತೀನಿ ಅಲ್ಲಾಡ್ಬೇಡ ಅಂತಾಳೆ, ಬೇಡ, ತೋಳು ಎಳೆದುಕೋ, ತೋಳು ಬರುತ್ತಿಲ್ಲ, ಪುಟ್ಟ ಉಗುರು ಮೂಲೆಗೆ ತಗುಲಿದೆ, ಎತ್ತುತ್ತಿದೆ, ಬೇಡ, ಪುಟ್ಟ ಉಗುರು, ಪುಟ್ಟ ಉಗುರು